ವಾಗೀಶರ ಬೆನ್ನಿಗೊಬ್ಬ ಡಾಕ್ಟರು

"ನಿಮ್ಮ ಕೈ ಒಂದ್ಸಲ ಚಾಚ್ತೀರಾ?"

ಕೇಳಿದ್ದು ಡಾಕ್ಟರಲ್ಲ, ರೋಗಿ. ಲಷ್ಕರ್ ಮೊಹಲ್ಲಾದ ಕ್ಲಿನಿಕ್ಕಿನಲ್ಲಿ ಕೂತಿದ್ದ ತರುಣ ನ್ಯೂರೋಸರ್ಜನ್ ನಗುತ್ತಲೇ ಎರಡೂ ಕೈ ಚಾಚಿದ. ಬೆರಳು ನಡುಗಲಿಲ್ಲ. ಆದರೂ ವಾಗೀಶರಿಗೆ ಸಮಾಧಾನವಾಗಲಿಲ್ಲ.

"ಮೀಸೆ ಈಗ ಬರ್ತಾ ಇದೆ ಚೂಡಾ" ಎಂದರು ಹೊರಗೆ ಬಂದು, ಹೆಂಡತಿಯ ಕಿವಿಯಲ್ಲಿ. "ನನ್ನ ಬೆನ್ನಲ್ಲಿ ಇವನು ಕೆಲಸ ಕಲಿಯೋದು ಬೇಡ."

ವಿಮಾ ಕಚೇರಿಯಿಂದ ನಿವೃತ್ತರಾದ ವಾಗೀಶರಿಗೆ ಸೊಂಟದಿಂದ ಎಡಗಾಲಿನವರೆಗೆ ಸೆಳೆತ. ನರದ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದು ಮನೆ ಡಾಕ್ಟರು ಹೇಳಿದ್ದೇ ತಡ, ಕುವೆಂಪುನಗರದ ಪಾರ್ಕಿನಲ್ಲಿ ಬೇರೆ ಮಾತೇ ಇರಲಿಲ್ಲ. "ಸರ್ವೀಸಿನುದ್ದಕ್ಕೂ ಸಾಹೇಬರ ಮುಂದೆ ಬಗ್ಗಿದ ಬೆನ್ನು ಕಣ್ರೀ. ಈಗ ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗು ಅಂದ್ರೆ ಆಗಲ್ಲ ಅನ್ನುತ್ತೆ" ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದರು. "ಮೊದ್ಲು ಡಾಕ್ಟ್ರ ಕೈ ನೋಡ್ಬುಡಿ ಸಾಮಿ" ಎಂದು ಬುದ್ಧಿ ಹೇಳಿದ್ದು ಪಾರ್ಕಿನ ಗೆಳೆಯ ನಂಜಯ್ಯ. ವಾಗೀಶರು ಅದನ್ನೇ ಹಿಡಿದುಕೊಂಡಿದ್ದರು. ಮಾತಿನಲ್ಲಿ ಶೂರರು. ಆಪರೇಷನ್ ಎಂದರೆ ಮಾತ್ರ ಎದೆ ಹಾರುತ್ತಿತ್ತು.

ಚೂಡಾಮಣಿ ಎಲ್ಲ ಕಡೆಗೂ ಜೊತೆಗೆ ಬಂದರು. ಹಿಂದೆಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಪ್ಪದವಳಿಗೆ ತಮ್ಮ ಮೇಲೆ ಇಷ್ಟೊಂದು ಕಾಳಜಿಯೇ ಎಂದು ವಾಗೀಶರು ಒಳಗೊಳಗೇ ಉಬ್ಬಿದರು. ಪಾಪ, ಚಿಂತೆಯಲ್ಲಿ ಕಾಫಿ ಲೋಟ ಕೈಜಾರಿಸುತ್ತಾಳೆ. ಕಾಲಿನಿಂದ ಚಪ್ಪಲಿ ಕಳಚಿದ್ದೂ ತಿಳಿಯದೆ ಮುಂದೆ ನಡೆಯುತ್ತಾಳೆ. ಮೊನ್ನೆ ತನ್ನ ತಂಗಿ ಅನುಪಮಾ ಜೊತೆ ಇಡೀ ದಿನ ಸೀರೆ ಅಂಗಡಿ ಸುತ್ತಿ ಬಂದವಳು ಒಂದು ಸೀರೆಯನ್ನೂ ತಂದಿರಲಿಲ್ಲ.

"ನನ್ನ ಸೊಂಟ ನಿನ್ನ ತಲೆ ಕೆಡಿಸಿಬಿಟ್ಟಿದೆ" ಎಂದು ವಾಗೀಶರು ಮರುಗಿದರು.

ಎರಡನೆಯ ಡಾಕ್ಟರು ಹೆಸರುವಾಸಿ. ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದವರೇ "ನಾಳೆ ಅಡ್ಮಿಟ್ ಆಗಿ" ಎಂದರು. ಮುಟ್ಟಿಯೂ ನೋಡಲಿಲ್ಲ. ವಾಗೀಶರು ಬಾಗಿಲ ಕಡೆ ನೋಡಿದರು.

ಚೂಡಾಮಣಿ ಮೆಲ್ಲಗೆ ಕೇಳಿದರು: "ಆಪರೇಷನ್ ಆದ್ಮೇಲೆ ಹೂ ಕಟ್ಟಬಹುದಾ ಡಾಕ್ಟ್ರೇ?"

ಡಾಕ್ಟರು ಮೊಬೈಲ್ ನೋಡುತ್ತಿದ್ದರು. ತಲೆ ಎತ್ತದೆ ಮುಂದಿನ ರೋಗಿಗೆ ಗಂಟೆ ಒತ್ತಿದರು.

ಆಟೋದಲ್ಲಿ ವಾಗೀಶರಿಗೆ ನಗು ತಡೆಯಲಾಗಲಿಲ್ಲ. "ನಾನ್ಯಾವತ್ತು ಹೂ ಕಟ್ಟಿದ್ದೆ ಕಣೇ?"

"ಈ ಡಾಕ್ಟ್ರು ಬೇಡ ಕಣ್ರೀ" ಎಂದಷ್ಟೇ ಹೇಳಿ ಚೂಡಾಮಣಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

ಮೂರನೆಯವರು ಹೂಟಗಳ್ಳಿಯ ಹೊಸ ಆಸ್ಪತ್ರೆಯ ಡಾಕ್ಟರ್ ವೇದವತಿ. ಕೈ ಚಾಚಿ ಎಂದು ವಾಗೀಶರು ಬಾಯಿ ತೆರೆಯುವ ಮೊದಲೇ ಅವರನ್ನು ಮಂಚ ಹತ್ತಿಸಿದರು. ಕಾಲು ಎತ್ತಿ ನೋಡಿದರು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹಿಮ್ಮಡಿಯ ಮೇಲೆ ನಡೆಸಿದರು. ಫಿಲ್ಮ್ ನೋಡಿದ್ದು ಆಮೇಲೆ.

"ನಿಮಗೆ ಆಪರೇಷನ್ ಬೇಡ ಸರ್. ವ್ಯಾಯಾಮ ಹೇಳಿಕೊಡ್ತೀನಿ. ಹೊಟ್ಟೆ ಇಳಿಸಿ."

"ಅಷ್ಟೇನಾ?"

ವಾಗೀಶರಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಸ್ವಲ್ಪ ಅವಮಾನವೂ ಆಯಿತು. ಊರಿಗೆಲ್ಲ ಸಾರಿಕೊಂಡ ಕಾಯಿಲೆ ಕೊನೆಗೆ ಹೊಟ್ಟೆಯ ಖಾತೆಗೆ ಹೋಯಿತೇ! "ಹೊಟ್ಟೆ ಮಾಡಿದ ತಪ್ಪಿಗೆ ಬೆನ್ನಿಗೆ ಶಿಕ್ಷೆ ನೋಡಿ ಡಾಕ್ಟ್ರೇ. ನಮ್ಮ ಆಫೀಸಲ್ಲೂ ಹೀಗೇ ಇತ್ತು" ಎನ್ನುತ್ತ ಎದ್ದರು. "ನಡಿ ಚೂಡಾ, ದಾರೀಲಿ ಮಸಾಲೆ ದೋಸೆ ತಿನ್ಕೊಂಡು ಹೋಗೋಣ."

ಚೂಡಾಮಣಿ ಏಳಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಸರಿಸಿಕೊಂಡರು.

"ಇನ್ನೇನೇ? ಆಪರೇಷನ್ ಬೇಡ ಅಂದ್ರಲ್ಲ."

"ಅದಕ್ಕೇ ಕಣ್ರೀ. ಬೇಡದೆ ಇದ್ದಾಗ ಬೇಡ ಅನ್ನೋರು, ಬೇಕು ಅಂದ್ರೆ ನಂಬಬಹುದು."

ಬಟ್ಟೆಯ ಚೀಲದೊಳಗೆ ಅವರು ಏನನ್ನೋ ತಡಕಾಡಿದರು. ಬೆರಳುಗಳು ಹಿಡಿತಕ್ಕೆ ಬರಲಿಲ್ಲ. ಡಾಕ್ಟರೇ ಎದ್ದು ಬಂದು ಅದನ್ನು ಹೊರತೆಗೆದರು. ಇನ್ನೊಂದು ಸ್ಕ್ಯಾನಿಂಗ್ ಫಿಲ್ಮ್. ಸೊಂಟದ್ದಲ್ಲ, ಕುತ್ತಿಗೆಯದು; ಕೈಕಾಲಿನ ನರಗಳೆಲ್ಲ ಹಾದುಹೋಗುವ ಜಾಗದ್ದು. ನೋಡುತ್ತಿದ್ದಂತೆ ವೇದವತಿಯವರ ಮುಖದ ನಗು ಮಾಯವಾಯಿತು.

"ಇದು ಯಾರದು?" ಎನ್ನುತ್ತ ವಾಗೀಶರು ಮತ್ತೆ ಕುರ್ಚಿಯಲ್ಲಿ ಕೂತರು.

"ನಂದು. ಸೀರೆ ಅಂಗಡಿಗೆ ಅಂತ ಹೋದ ದಿನ ತೆಗೆಸಿದ್ದು" ಎಂದರು ಚೂಡಾಮಣಿ. "ಇಷ್ಟು ದಿನ ನಿಮ್ಮ ಹಿಂದೆ ಸುತ್ತಿದ್ದು ನನಗೊಬ್ಬ ಡಾಕ್ಟ್ರನ್ನ ಹುಡುಕೋಕೆ."