ಸಂಜೆಪೂಜೆಯ ನುಡಿಸಾಣಿಕೆ

ನಗರದ ದೊಡ್ಡ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ ಶಿಷ್ಯ, ತನ್ನ ಮೊದಲ ಆಲ್ಬಮ್ ಹಿಡಿದು ಗುರುಗಳ ಜಗಲಿ ಹತ್ತಿದಾಗ ತಲೆ ಎತ್ತಲಾರದೆ ನಿಂತ. ಗುರುಗಳು ಊರ ದೇವಸ್ಥಾನದಲ್ಲಿ ಸಂಜೆಪೂಜೆಗೆ ಸ್ಯಾಕ್ಸೊಫೋನ್ ಊದುವವರು. ಆ ಪೂಜೆಗೆಂದೇ ಅವರು ಕಟ್ಟಿದ್ದ ಆಲಾಪನೆಯನ್ನು ಅವನು ಅಪ್ಪಣೆ ಕೇಳದೆ ಆಲ್ಬಮಿನ ಕೊನೆಗೆ ಸೇರಿಸಿಬಿಟ್ಟಿದ್ದ.

"ತಪ್ಪಾಯ್ತು ಗುರುಗಳೇ. ಅದು ನಿಮ್ಮದು. ಕೇಳಿಯೇ ಹಾಕಬೇಕಿತ್ತು."

"ನನ್ನದು ಎಂತದು ಮಾರಾಯ? ಉಸಿರು ಕೊಟ್ಟದ್ದು ದೇವರು." ಗುರುಗಳು ಮೆಲ್ಲಗೆ ನಕ್ಕರು. "ನಿನ್ನ ಜಾಝ್ ಕೇಳಿದರೆ ನನಗೆ ನಿದ್ದೆ ಬರ್ತದೆ. ಆದರೆ ಕೊನೆಯದ್ದು ಚೆಂದ ಊದಿದ್ದಿ."

"ನೀವು ಆಗಲೇ ಕೇಳಿದ್ರಾ? ಮೊದಲ ಪ್ರತಿಯನ್ನು ಹೋದ ವಾರ ನಮ್ಮ ದೇವಸ್ಥಾನದಲ್ಲಿ ದೇವರ ಮುಂದೆ ಇಟ್ಟು ಹೋಗಿದ್ದೆ. ನಿಮಗೆ ತಂದದ್ದು ಇದು."

"ದೇವರಿಗೆ ಕೊಟ್ಟ ಮೇಲೆ ನನಗೂ ಕೊಟ್ಟ ಹಾಗೇ ಅಲ್ವಾ? ಒಂದು ಸ್ವರ ಆಚೀಚೆ ಆಗಲಿಲ್ಲ."

ಶಿಷ್ಯನ ಎದೆಯ ಭಾರ ಇಳಿಯಿತು. ಗುರುಗಳ ಕಾಲಿಗೆರಗಿ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ದೇವಸ್ಥಾನದ ಗಂಟೆ ಕೇಳಿಸಿತು. ಗುರುಗಳು ಕುಳಿತಲ್ಲಿಂದಲೇ ಆ ದಿಕ್ಕಿಗೆ ಕೈಮುಗಿದರು.

"ಪೂಜೆಗೆ ಹೊತ್ತಾಯ್ತಲ್ಲ ಗುರುಗಳೇ. ನೀವು ಹೊರಡುವುದಿಲ್ವಾ?"

"ನಾನು ಇನ್ನು ಬರುವುದು ಬೇಡ ಅಂದಿದ್ದಾರೆ ದೇವಸ್ಥಾನದವರು," ಎಂದರು ಗುರುಗಳು. "ಈಗ ಮೈಕಿನಲ್ಲಿ ನಿನ್ನದನ್ನೇ ಹಾಕ್ತಾರೆ. ಕೂತ್ಕೊ, ಕೇಳುವ."