ಹೇಸಿಗೆಯ ಗೆರೆ

ಹಾಸ್ಟೆಲುಗಳಿಗೆ ಹೋಗುವ ಅಡುಗೆ ತಿನ್ನಲು ಯೋಗ್ಯವೇ ಎಂಬುದನ್ನು ನಾಲಿಗೆಯಲ್ಲ, ರುಚಿ ನೋಡುವವರ ಮೆದುಳೇ ಹೇಳಬೇಕೆಂಬ ಕಾನೂನು ಬಂದು ಒಂಬತ್ತು ವರ್ಷಗಳಾಗಿದ್ದವು. ಅಷ್ಟೂ ವರ್ಷ ಬಸಲಿಂಗವ್ವ ತಲೆಗೆ ಅಂಟಂಟು ಪೇಸ್ಟು ಬಳಿಸಿಕೊಂಡು, ತಂತಿಗಳ ಟೊಪ್ಪಿಗೆ ಧರಿಸಿ, ಅಡುಗೆ ಗುತ್ತಿಗೆದಾರನ ಪ್ರಯೋಗಾಲಯದಲ್ಲಿ ತುತ್ತು ನುಂಗಿದ್ದಳು. ಹೇಸಿಗೆಯಾದರೆ ಪರದೆಯ ಮೇಲೆ ಗೆರೆ ನೆಗೆಯಬೇಕು. ಅಭ್ಯಾಸಬಲದಿಂದ ಅವಳ ಗೆರೆ ನೆಗೆಯುವುದನ್ನೇ ಮರೆತಿತ್ತು. ಆದ್ದರಿಂದಲೇ ಅವಳ ಕೆಲಸ ಉಳಿದಿತ್ತು.

ಇಂದಿನ ಸಾಂಬಾರಿನಲ್ಲಿ ನೊರೆಯಿತ್ತು. ಲೋಳೆ ಗಂಟಲಿಗೆ ಅಂಟಿತು.

“ಹಳಸೈತೋ ನಜೀರಾ. ಮುನ್ನೂರು ಹುಡುಗ್ಯಾರು ಉಣ್ಣೂದಿದು.”

ಯಂತ್ರ ನೋಡಿಕೊಳ್ಳುವ ನಜೀರ ನಕ್ಕ. “ನಾಲಿಗಿ ಮಾತು ಯಾರ್ ಕೇಳ್ತಾರ, ಅಕ್ಕಾರ? ಗೆರಿ ನೋಡ್ರಿ, ಮಕ್ಕೊಂಡೈತಿ. ನಿಮ್ಮದು ಭಾಳ ಸಂಸ್ಕಾರದ ತಲಿ! ಪಾಸ್ ಮಾಡ್ಲಿ?”

“ತಡಿ.”

ಬಸಲಿಂಗವ್ವ ಕಣ್ಣು ಮುಚ್ಚಿದಳು. ಒಂಬತ್ತು ವರ್ಷಗಳಲ್ಲಿ ತನ್ನ ತಲೆ ಪಾಸು ಮಾಡಿ ಕಳುಹಿಸಿದ ಪಾತ್ರೆಗಳನ್ನೂ, ಅವುಗಳ ಮುಂದೆ ತಟ್ಟೆ ಹಿಡಿದು ನಿಂತಿರಬಹುದಾದ ಹುಡುಗಿಯರನ್ನೂ ನೆನೆದಳು. ಪರದೆಯ ಗೆರೆ ಹುಚ್ಚೆದ್ದು ನೆಗೆಯಿತು.

ನಜೀರನ ಮುಖ ಬಿಳುಪೇರಿತು. “ಏನ್ ನೆನಿಸ್ಕೊಂಡ್ರಿ, ಅಕ್ಕಾರ? ನಾಳಿಂದ ನಿಮ್ಮನ್ನ ಕೆಲಸಕ್ಕ ಕರಿಯೂದಿಲ್ಲ ಗುತ್ತಿಗೆದಾರ್ರು!”

“ಸಾಂಬಾರ್ ಉಂಡಿದ್ದಕ್ಕ ಬಂತು ಅಂತ ಬರ್ಕೊ,” ಎಂದಳು ಬಸಲಿಂಗವ್ವ.