ಅತ್ತೆ ಅಡಗುತ್ತಿದ್ದ ಪೆಟ್ಟಿಗೆ

ಜೆಪ್ಪುವಿನ ಆ ಮನೆಗೆ ಅಂದು ಮಧ್ಯಾಹ್ನ ಹೋದವರು ಅಮ್ಮ ಮತ್ತು ನಾನು. ಅಲ್ಲಿದ್ದವರು ಜಾದೂವನ್ನೇ ಕಸುಬು ಮಾಡಿಕೊಂಡಿದ್ದ ನನ್ನ ಸೋದರಮಾವ ಮತ್ತು ಅತ್ತೆ. ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ಆ ಮನೆಯೇ ಕಣ್ಣಮುಂದೆ ನಿಲ್ಲುತ್ತದೆ.

ಮಾವ ನನ್ನ ಕೈ ಹಿಡಿದು ಮನೆಯೆಲ್ಲ ತೋರಿಸಿದರು. ಗೋಡೆಯ ಮೇಲೆ ಬರೀ ಬಣ್ಣದಲ್ಲಿ ಬರೆದ ಬಾಗಿಲು, ಪಾರಿವಾಳ ಮಲಗುವ ಟೋಪಿ, ಹಿಂದಕ್ಕೆ ತಿರುಗುವ ಗಡಿಯಾರ. ಕೊನೆಗೆ ಕಪ್ಪು ಮಖಮಲ್ಲು ಹೊದಿಸಿದ ಪೆಟ್ಟಿಗೆ. ಅತ್ತೆ ಮಾಯವಾಗುತ್ತಿದ್ದುದು ಅದರಲ್ಲೇ. ಅದರ ಅಡಿಯ ಗುಪ್ತ ಖಾನೆಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿಕೊಳ್ಳಬೇಕಿತ್ತು.

ಅಡುಗೆಮನೆಯಿಂದ ಅತ್ತೆಯ ಕೆಮ್ಮು ಕೇಳಿತು. ಅದು ನಿಲ್ಲಲೇ ಇಲ್ಲ.

“ಡಾಕ್ಟರಿಗೆ ತೋರಿಸ್ಲಿಕ್ಕೆ ಇಲ್ವಾ ಅಣ್ಣ?” ಅಮ್ಮ ಕೇಳಿದಳು.

“ಆದಿತ್ಯವಾರ ಶೋ ಉಂಟು. ಅದೊಂದು ಮುಗಿಯಲಿ.”

“ಪೆಟ್ಟಿಗೆಯೊಳಗೆ ಕೆಮ್ಮು ಬಂದ್ರೆ ಎಂತ ಮಾಡ್ತಿ?”

“ಬ್ಯಾಂಡಿನವರಿಗೆ ಜೋರು ಬಾರಿಸ್ಲಿಕ್ಕೆ ಹೇಳಿದ್ದೇನೆ.”

ಚಾ ತಂದ ಅತ್ತೆ ನಕ್ಕರು. “ಹೆದರ್ಬೇಡ ಮಾರಾಯ್ತಿ. ನಾನೀಗ ಸಪೂರ ಆಗಿದ್ದೇನಲ್ಲ, ಪೆಟ್ಟಿಗೆಯಲ್ಲಿ ಬೇಕಾದಷ್ಟು ಜಾಗ ಉಂಟು.”

ಅಮ್ಮ ಚಾ ಮುಟ್ಟಲಿಲ್ಲ.

ಆ ಶೋ ಚೆನ್ನಾಗಿಯೇ ಆಯಿತು. ಎರಡು ತಿಂಗಳಿಗೆ ಅತ್ತೆ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ದಿನ ನಮ್ಮ ಪದ್ಧತಿಯಂತೆ ಕೋಣೆಯೊಳಗೆ ಅವರಿಗೆಂದು ಎಲೆ ಹಾಕಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾದೆವು. ಸ್ವಲ್ಪ ಹೊತ್ತಿನ ಮೇಲೆ ಹಿರಿಯರು ಬಾಗಿಲು ತೆಗೆಯಲು ಮಾವನಿಗೆ ಹೇಳಿದರು. ಮಾವ ಚಿಲಕದ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು. ಕೊನೆಗೆ ಬಾಗಿಲು ತೆಗೆದದ್ದು ಅಮ್ಮ.